ಹತ್ತನೆಯ ಸೀಟು

ಟೂವಾಂಗ್, ಬ್ರಿಸ್ಬೇನ್
12 ಫೆಬ್ರವರಿ 1979

ಜಯಕ್ಕ,

ನಿನ್ನೆ ಸಾಯಂಕಾಲ ಮನೆ ಸೇರಿದೆ. ಅಡಿಲೇಡಿನಲ್ಲಿ ವಿಮಾನ ಬದಲಾಯಿಸಲು ಮೂರು ಗಂಟೆ ಕೂರಿಸಿದ್ದರು. ನಾನು ಅಳುತ್ತಿದ್ದುದನ್ನು ನೋಡಿ ಪಕ್ಕದ ಹೆಂಗಸು, ಮನೆಯಲ್ಲಿ ಯಾರಾದರೂ ತೀರಿಕೊಂಡರೇ ಎಂದು ಕೇಳಿದಳು. ಇಲ್ಲ, ಮಗಳನ್ನು ಸ್ಕೂಲಿಗೆ ಸೇರಿಸಿ ಬಂದೆ ಎಂದೆ. ಅವಳಿಗೆ ನಗು ಬಂತು. ಏನು ಮಾಡುತ್ತಾಳೆ ಪಾಪ, ಅವಳ ಮಕ್ಕಳು ಮನೆಯ ಹಿಂದಿನ ಬೀದಿಯ ಸ್ಕೂಲಿಗೆ ಹೋಗಿರಬೇಕು.

ನಿನಗೆ ಒಂದು ವಿಷಯ ಹೇಳಿರಲಿಲ್ಲ. ಇಲ್ಲಿ ಕಸ್ತೂರಿಯನ್ನು ಪರೀಕ್ಷೆ ಮಾಡಿದವನ ವರದಿಯನ್ನು ಇವರು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದಾರೆ. "ಕಲಿಸಲು ಯೋಗ್ಯಳಲ್ಲ, ತರಬೇತಿ ಕೇಂದ್ರಕ್ಕೆ ಸೇರಿಸಬಹುದು" ಎಂದು ಬರೆದಿದ್ದಾನೆ. ತರಬೇತಿ ಕೇಂದ್ರವನ್ನು ನೋಡಿ ಬಂದೆ. ಹದಿನೈದು ವರ್ಷದ ಹುಡುಗಿಯರು ದಿನವಿಡೀ ಬಟ್ಟೆ ಕ್ಲಿಪ್ಪುಗಳನ್ನು ಡಬ್ಬಿಗೆ ತುಂಬುತ್ತಾರೆ. ಕಿವಿ ಕೇಳಿಸದ ಮಗುವಿಗೆ ಬೆನ್ನ ಹಿಂದಿನಿಂದ ಪ್ರಶ್ನೆ ಕೇಳಿದರೆ ಅದು ಏನು ಉತ್ತರ ಕೊಡಬೇಕು ಹೇಳು. ಮನೆಯಲ್ಲಿ ಡಾಕ್ಟರನ್ನು ಇಟ್ಟುಕೊಂಡೂ ಅವಳಿಗೆ ನಾಲ್ಕು ವರ್ಷವಾಗುವ ತನಕ ನಮಗೇ ತಿಳಿಯಲಿಲ್ಲ. ಕೆಲವು ಮಕ್ಕಳಿಗೆ ಮಾತು ತಡ ಎಂದುಕೊಂಡು ಕೂತಿದ್ದೆವು. ಇನ್ನು ಆ ಪರೀಕ್ಷೆ ಮಾಡಿದವನನ್ನು ಬೈದು ಏನು ಪ್ರಯೋಜನ.

ನಿಮ್ಮ ಪರ್ತಿನ ಆ ಟೀಚರ್ ಮಿಸೆಸ್ ಡಾಸನ್ ಮಾತ್ರ ಅವಳ ಮುಂದೆ ನೆಲದ ಮೇಲೆ ಕೂತು, ಮುಖಕ್ಕೆ ಮುಖ ಕೊಟ್ಟು ನೋಡಿದಳು. "ಈ ಮಗು ಮಾತಾಡುತ್ತೆ" ಎಂದಳು. ಆರು ವರ್ಷದಲ್ಲಿ ಈ ಮಾತನ್ನು ಮೊದಲು ಹೇಳಿದವಳು ಅವಳು. ಸರ್ಕಾರಿ ಸ್ಕೂಲಿನಲ್ಲಿ ಇಂಥ ಮಕ್ಕಳಿಗೆಂದೇ ಒಂದು ಕೋಣೆ, ಹತ್ತು ಸೀಟು, ಅದರಲ್ಲಿ ಹತ್ತನೆಯದು ನಮ್ಮದಾಯಿತು. ನಮ್ಮ ಪುಣ್ಯ.

ದೊಡ್ಡಮ್ಮನ ಮನೆಯಲ್ಲಿದ್ದು ಓದುವುದು ನಮ್ಮಲ್ಲಿ ಹೊಸದೇನಲ್ಲ. ನಾವಿಬ್ಬರೂ ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿ ಅನ್ನ ಉಂಡು ಓದಿದವರೇ. ಇವರಿಗೆ ಕ್ವೀನ್ಸ್‌ಲ್ಯಾಂಡಿನಲ್ಲಿ, ಈ ಆಸ್ಪತ್ರೆಯಲ್ಲಿ ಮಾತ್ರ ಡಾಕ್ಟರಿಕೆ ಮಾಡಲು ಅನುಮತಿ. ಇನ್ನು ಐದು ವರ್ಷ. ಅಲ್ಲಿಯತನಕ ನೀನೇ ಗತಿ.

ಕಿವಿ ಮಿಷನ್ನಿನ ಡಬ್ಬಿಯನ್ನು ಎದೆಗೆ ಕಟ್ಟುವಾಗ ಒಳಗೆ ಹತ್ತಿ ಬನಿಯನ್ ಹಾಕು, ಇಲ್ಲದಿದ್ದರೆ ಬೆವರಿಗೆ ಗುಳ್ಳೆ ಏಳುತ್ತವೆ. ತಲೆ ಬಾಚುವಾಗ ಕನ್ನಡಿ ಮುಂದೆ ಕೂರಿಸು. ಹಿಂದಿನಿಂದ ಮುಟ್ಟಿದರೆ ಬೆದರುತ್ತಾಳೆ.

ಭಾವನಿಗೆ ನಮಸ್ಕಾರ ಹೇಳು.

ನಿನ್ನ
ಅಹಲ್ಯಾ


ಪರ್ತ್
18 ಮಾರ್ಚ್ 1979

ಚಿ. ಸೌ. ಅಹಲ್ಯಾಳಿಗೆ ಆಶೀರ್ವಾದಗಳು.

ಕಸ್ತೂರಿ ಚೆನ್ನಾಗಿದ್ದಾಳೆ. ಮೊದಲ ವಾರ ರಾತ್ರಿ ಊಟ ಬಿಟ್ಟಿದ್ದಳು. ಆಮೇಲೆ ನಿಮ್ಮ ಭಾವ ತಟ್ಟೆಯ ಮುಂದೆ ಕೂತು, ಹಪ್ಪಳ ಮುರಿದು, ಮುರಿಯುವ ಸದ್ದು ಬಾಯಲ್ಲಿ ಮಾಡಿ ತೋರಿಸಿದರು. ಅವಳಿಗೆ ಸದ್ದು ಕೇಳಿಸಿರಲಾರದು, ಅವರ ಮುಖ ನೋಡಿ ನಕ್ಕಳು. ವೆಲ್ಷ್‌ಪೂಲಿನ ಕ್ಲಿನಿಕ್ಕಿನಲ್ಲಿ ದಿನವೆಲ್ಲ ಕಾರ್ಖಾನೆಯವರ ಬೆನ್ನು ನೋವು, ಬೆರಳು ಗಾಯ ನೋಡಿ ಮುಖ ಗಂಟಿಕ್ಕಿಕೊಂಡು ಬರುತ್ತಿದ್ದ ಮನುಷ್ಯ ಈಗ ಐದೂವರೆಗೇ ಮನೆಯಲ್ಲಿರುತ್ತಾರೆ.

ಮಿಸೆಸ್ ಡಾಸನ್ ತಾಯಂದಿರನ್ನೂ ತರಗತಿಯಲ್ಲಿ ಕೂರಿಸಿಕೊಳ್ಳುತ್ತಾಳೆ. ಮೊದಲು ಕಲಿಸುವುದು 'ಮ'. ತುಟಿ ಮುಚ್ಚುವುದು ಮಗುವಿಗೆ ಕಾಣಿಸುತ್ತದೆ, ಅದಕ್ಕೇ ಸುಲಭವಂತೆ. ಕಸ್ತೂರಿಯ ಬೆರಳನ್ನು ನನ್ನ ಮೂಗಿನ ಮೇಲೆ ಇಟ್ಟು, "ಮ್" ಅನ್ನಿ ಎಂದಳು. ನಾನು ಅಂದೆ. ಮೂಗು ನಡುಗಿದ್ದು ಬೆರಳಿಗೆ ತಿಳಿದು ಕಸ್ತೂರಿ ಕಣ್ಣರಳಿಸಿದಳು. ಆಮೇಲೆ ತನ್ನ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ನಾಲಿಗೆಯಲ್ಲಿ ಹುಟ್ಟುವ ಅಕ್ಷರಗಳು ಬಹಳ ಕಷ್ಟವಂತೆ. ಬಾಯೊಳಗೆ ನಡೆಯುವುದು ಮಗುವಿಗೆ ಕಾಣುವುದಿಲ್ಲವಲ್ಲ.

ಒಂದು ಮಾತು ನಿನಗೆ ಬೇಸರವಾಗಬಹುದು. ಮನೆಯಲ್ಲಿ ಒಂದೇ ಭಾಷೆ ಆಡಬೇಕು, ಅದೂ ಇಂಗ್ಲಿಷೇ ಆಗಬೇಕು ಎಂದಿದ್ದಾಳೆ. ಎರಡು ಭಾಷೆ ಹಾಕಿದರೆ ಎರಡೂ ಕೈಬಿಟ್ಟು ಹೋಗುತ್ತದಂತೆ. ನಾನೂ ಇವರೂ ಈಗ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಕನ್ನಡ ಮಾತಾಡುತ್ತೇವೆ. ಕೇಳಿಸದ ಮಗುವಿಗೆ ಹೆದರಿ ಬಾಗಿಲು ಹಾಕುವವರು ನಾವೇ ಇರಬೇಕು.

ಹದಿನಾಲ್ಕು ವರ್ಷದಿಂದ ಈ ಮನೆಯಲ್ಲಿ ಮಕ್ಕಳ ಬಟ್ಟೆ ಒಣಗಿರಲಿಲ್ಲ. ಪಕ್ಕದ ಮನೆಯವಳು ಬೇಲಿಯಾಚೆಯಿಂದ ಅದನ್ನೇ ಹೇಳಿದಳು.

ನಿನ್ನ ಅಕ್ಕ
ಜಯಮಾಲಾ


ಪರ್ತ್
3 ಜೂನ್ 1979

ಚಿ. ಸೌ. ಅಹಲ್ಯಾಳಿಗೆ,

ಒಂದು ತಪ್ಪಾಗಿದೆ. ನೀನು ಬೈದರೂ ಬೈಸಿಕೊಳ್ಳುತ್ತೇನೆ.

ಹೋದ ತಿಂಗಳು ಶಿಕ್ಷಣ ಇಲಾಖೆಯಿಂದ ಮಿಸ್ಟರ್ ಕೆಂಪ್ ಎಂಬ ಆಫೀಸರು ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ, ಚಪ್ಪಲಿ ಸ್ಟ್ಯಾಂಡು ನೋಡಿ ತಾವಾಗಿಯೇ ಬೂಟು ಬಿಚ್ಚಿದರು. ಮಗು ನಿಮ್ಮದಲ್ಲವಲ್ಲ, ತಂದೆತಾಯಿ ಎಲ್ಲಿ ಎಂದು ಕೇಳಿದರು. ಬಿಟ್ಟುಹೋದ ಮಗು ಎಂದು ಎಲ್ಲಿ ತಿಳಿದುಕೊಂಡುಬಿಡುತ್ತಾರೋ ಎಂದು ನನಗೆ ಆತಂಕವಾಯಿತು. ನಮ್ಮ ಮನೆತನದ ಬಗ್ಗೆ ಯಾರೂ ಒಂದು ಮಾತು ಆಡಬಾರದು ನೋಡು. ಅದಕ್ಕೆ ಎಲ್ಲವನ್ನೂ ಹೇಳಿದೆ. ತಂದೆ ಬ್ರಿಸ್ಬೇನಿನಲ್ಲಿ ದೊಡ್ಡ ಆಸ್ಪತ್ರೆಯ ಡಾಕ್ಟರ್, ತಾಯಿ ವಾರಕ್ಕೊಂದು ಕಾಗದ ಬರೆಯುತ್ತಾಳೆ, ಬಟ್ಟೆ ಕಳಿಸುತ್ತಾಳೆ, ರಜಕ್ಕೆಲ್ಲ ಓಡಿಬರುತ್ತಾಳೆ. ನಿನ್ನ ಕಾಗದಗಳ ಕಟ್ಟನ್ನೂ ತಂದು ತೋರಿಸಿದೆ. ಕಾಫಿ ಕೊಟ್ಟೆ. ಅವರು ಎಲ್ಲವನ್ನೂ ಬರೆದುಕೊಂಡರು. ಮೆಚ್ಚಿದರು ಎಂದುಕೊಂಡೆ.

ನಿನ್ನೆ ಕಾಗದ ಬಂತು. ಆ ಕೋಣೆಯ ಟೀಚರ ಸಂಬಳ, ಕಿವಿ ಮಿಷನ್ನು, ಕರೆದೊಯ್ಯುವ ಟ್ಯಾಕ್ಸಿ, ಎಲ್ಲಕ್ಕೂ ಹಣ ಈ ರಾಜ್ಯದ ಮಕ್ಕಳ ತಲೆಯೆಣಿಕೆಯ ಮೇಲೆ ಬರುತ್ತದಂತೆ. ಕಸ್ತೂರಿ ಬ್ರಿಸ್ಬೇನಿನ ಮಗು, ಅವಳ ಪಾಲಿನ ಹಣ ಅಲ್ಲಿದೆಯಂತೆ. ಆಗಸ್ಟ್ ರಜದ ತನಕ ಮಾತ್ರ ಇರಬಹುದು. ಕ್ಯಾಲ್‌ಗೂರ್ಲಿ ಕಡೆಯ ಒಂದು ಹುಡುಗಿ ಆ ಸೀಟಿಗೆ ಕಾಯುತ್ತಿದ್ದಾಳೆ.

"ನೀನು ಸುಮ್ನೆ ಇರಬಾರದಿತ್ತಾ" ಎಂದು ನಿಮ್ಮ ಭಾವ ಒಂದೇ ಮಾತು ಹೇಳಿ ಎದ್ದು ಹೋದರು. ನಾನು ನಿನ್ನನ್ನು ಹೊಗಳಲು ಹೋಗಿ ಹೀಗಾಯಿತು.

ಜಯಮಾಲಾ


ಟೂವಾಂಗ್, ಬ್ರಿಸ್ಬೇನ್
20 ಜೂನ್ 1979

ಜಯಕ್ಕ,

ನಿನ್ನನ್ನು ಬೈಯಲು ಮೂರು ಸಲ ಕೂತೆ. ಮೂರು ಕಾಗದ ಹರಿದೆ. ನಿನ್ನ ಜಾಗದಲ್ಲಿ ಅಮ್ಮ ಇದ್ದಿದ್ದರೂ ಅದನ್ನೇ ಮಾಡುತ್ತಿದ್ದಳು, ಮೇಲೆ ಒಂದು ತಟ್ಟೆ ಕೋಡುಬಳೆಯನ್ನೂ ಇಡುತ್ತಿದ್ದಳು. ಮನುಷ್ಯ ಮರ್ಯಾದಸ್ಥ ಎಂದು ಸಾಬೀತಾದರೆ ಸರ್ಕಾರ ಸಹಾಯ ಮಾಡುತ್ತದೆ ಎಂದು ನಮ್ಮವರು ಎಲ್ಲಿ ಕಲಿತರೋ.

ಇಲ್ಲಿಯ ಇಲಾಖೆಗೆ ಹೋಗಿದ್ದೆ. ಕಸ್ತೂರಿಯ ಪಾಲಿನ ಹಣವನ್ನು ಪರ್ತಿಗೆ ಕಳಿಸಿ ಎಂದು ಕೇಳಿದೆ. ಆ ಕುರ್ಚಿಯವನು ನಿಧಾನವಾಗಿ, ನನಗೂ ಕಿವಿ ಕೇಳಿಸುವುದಿಲ್ಲವೆಂಬಂತೆ ಹೇಳಿದ. ನಿಮ್ಮ ಮಗಳಿಗೆ ಇಲ್ಲಿ ಜಾಗ ಕೊಟ್ಟಿದ್ದೇವೆ, ತರಬೇತಿ ಕೇಂದ್ರದಲ್ಲಿ, ಬೇಡವೆಂದವರು ನೀವು, ಬೇಡವೆಂದ ಊಟಕ್ಕೆ ಇನ್ನೊಂದು ಹೋಟೆಲಿನಲ್ಲಿ ಬಿಲ್ಲು ಕೊಡಲಾಗುವುದಿಲ್ಲ. ಸರಿ, ನಾನೇ ಪರ್ತಿಗೆ ಹೋಗಿ ಮನೆ ಮಾಡಿದರೆ ಎಂದೆ. ಮಗುವಿನ ಊರು ಎಂದರೆ ತಂದೆಯ ಊರು, ತಾಯಿ ಎಲ್ಲಿದ್ದರೂ ಲೆಕ್ಕಕ್ಕಿಲ್ಲ ಎಂದ. ಗಂಡನನ್ನು ಬಿಟ್ಟರೆ ಲೆಕ್ಕಕ್ಕೆ ಬರುತ್ತೇನೆಯೇ ಎಂದು ಕೇಳಿದೆ. ಅವನು ಪುಸ್ತಕ ತೆಗೆದು ನಿಜವಾಗಿ ಹುಡುಕತೊಡಗಿದ.

ಮನೆಗೆ ಬಂದು ಇವರಿಗೆ ಹೇಳಿದರೆ, "ನಾನು ಕೆಲಸ ಬಿಟ್ಬಿಡ್ತೀನಿ, ಪರ್ತಲ್ಲಿ ಟ್ಯಾಕ್ಸಿ ಓಡಿಸ್ತೀನಿ" ಎಂದರು. ಸಿಟ್ಟಿನ ಮಾತು. ಕೆಲಸ ಬಿಟ್ಟರೆ ವೀಸಾ ಹೋಗುತ್ತದೆ, ಆಮೇಲೆ ಎಲ್ಲರೂ ಸೇರಿ ಮೈಸೂರಿಗೆ. ಅಲ್ಲಿ ಇವಳನ್ನು ಕೂರಿಸಿ ಮೂಗಿನ ಮೇಲೆ ಬೆರಳಿಡಿಸುವವರು ಯಾರು.

ಕ್ಯಾಲ್‌ಗೂರ್ಲಿಯ ಹುಡುಗಿಯ ತಾಯಿಯೂ ಹೀಗೇ ಯಾರಿಗೋ ಕಾಗದ ಬರೆಯುತ್ತಿರಬಹುದು. ಅದನ್ನು ಯೋಚಿಸುವಷ್ಟು ಒಳ್ಳೆಯವಳಾಗಿ ನಾನು ಉಳಿದಿಲ್ಲ. ಏನಾದರೂ ದಾರಿ ಇದೆಯೇ ಎಂದು ಆ ಬೂಟು ಬಿಚ್ಚಿದ ಮನುಷ್ಯನನ್ನೇ ಕೇಳು.

ಅಹಲ್ಯಾ


ಪರ್ತ್
22 ಜುಲೈ 1979

ಚಿ. ಸೌ. ಅಹಲ್ಯಾಳಿಗೆ,

ಕೇಳಿದೆ. ದಾರಿ ಇದೆ. ಹೇಗೆ ಬರೆಯಲಿ ತಿಳಿಯುತ್ತಿಲ್ಲ.

ನಾನೂ ನಿಮ್ಮ ಭಾವನೂ ಕೋರ್ಟಿನ ಮೂಲಕ ಅವಳ ಪೋಷಕರಾದರೆ ಅವಳು ಈ ರಾಜ್ಯದ ಮಗುವಾಗುತ್ತಾಳೆ. ಸೀಟು ಉಳಿಯುತ್ತದೆ. ಆದರೆ ಬರೀ ಹೆಸರಿಗೆ ಆಗಬಾರದು. ಹೆತ್ತವರು ಮಗುವಿನ ಹೊಣೆಯನ್ನು ಪೂರ್ತಿ ಬಿಟ್ಟಿದ್ದಾರೆ ಎಂದು ಇಲಾಖೆಗೆ ಮನವರಿಕೆಯಾಗಬೇಕು. ವರ್ಷಕ್ಕೊಮ್ಮೆ, ಮಾರ್ಚಿನಲ್ಲಿ, ಮಿಸ್ಟರ್ ಕೆಂಪ್ ಬಂದು ನೋಡುತ್ತಾರೆ. ತಾಯಿ ಬಂದುಹೋಗುವುದು, ಬಟ್ಟೆಬರೆ ಕಳಿಸುವುದು ಕಂಡರೆ ಇದು ಸೀಟಿಗಾಗಿ ಕಟ್ಟಿದ ನಾಟಕವೆಂದು ರದ್ದು ಮಾಡುತ್ತಾರೆ. ನಾನು ತೋರಿಸಿದ ಆ ಕಾಗದದ ಕಟ್ಟು ಅವರಿಗೆ ಚೆನ್ನಾಗಿ ನೆನಪಿದೆ.

ಅವಳು ಈಗ 'ಮ', 'ಪ', 'ಬ' ಮೂರನ್ನೂ ಹೇಳುತ್ತಾಳೆ. ಮೊನ್ನೆ ಬಾಲು ಉರುಳಿ ಹೋದಾಗ "ಬಾ" ಎಂದು ಅದನ್ನೇ ತೋರಿಸಿದಳು. ಈಗ ನಿಲ್ಲಿಸಿದರೆ ಕಲಿತದ್ದೂ ಹೋಗುತ್ತದೆ ಎಂದು ಮಿಸೆಸ್ ಡಾಸನ್ ಹೇಳುತ್ತಾಳೆ. ಅವಳು ಇದನ್ನು ಹೇಳುವಾಗ ನನ್ನ ಕೈ ಹಿಡಿದುಕೊಂಡಿದ್ದಳು.

ಕಾಗದಗಳನ್ನು ಇದರ ಜೊತೆ ಇಟ್ಟಿದ್ದೇನೆ. ಪೆನ್ಸಿಲಿನಿಂದ ಗುರುತು ಮಾಡಿದ ಕಡೆ ನೀವಿಬ್ಬರೂ ಸಹಿ ಮಾಡಬೇಕು. ನಾನು ಬಲವಂತ ಮಾಡುವುದಿಲ್ಲ. ಇದರಲ್ಲಿ ನನಗೆ ಬೇರೆ ಆಸೆ ಇದೆ ಎಂದು ನೀನು ತಿಳಿಯಬಾರದು.

ಜಯಮಾಲಾ


ಟೂವಾಂಗ್, ಬ್ರಿಸ್ಬೇನ್
9 ಆಗಸ್ಟ್ 1979

ಜಯಕ್ಕ,

ಸಹಿ ಮಾಡಿದ್ದೇವೆ. ಇವರು ಆಸ್ಪತ್ರೆಗೆ ಹೊರಡುವ ಮುಂಚೆ, ನಿಂತುಕೊಂಡೇ ಮಾಡಿದರು. ನಾನು ಪೂರ್ತಿ ಓದಿದೆ. ನಾಲ್ಕನೆಯ ಪುಟದಲ್ಲಿ, ಮಗುವಿನ ಮೇಲಿನ ಹಕ್ಕನ್ನು ಸ್ವಂತ ಇಚ್ಛೆಯಿಂದ ಬಿಟ್ಟುಕೊಡುತ್ತಿದ್ದೇನೆ ಎಂದಿದೆ. ಆ ಸಾಲಿನ ಪಕ್ಕದಲ್ಲೇ ನೀನು ಪೆನ್ಸಿಲ್ ಗುರುತು ಮಾಡಿದ್ದೀಯ.

ಅವಳ ಹುಟ್ಟಿದ ಹಬ್ಬಕ್ಕೆಂದು ಹೊಲಿದಿದ್ದ ಹಸಿರು ಫ್ರಾಕನ್ನು ಕಳಿಸುತ್ತಿಲ್ಲ. ನೀನೇ ಒಂದು ಹೊಲಿಸಿಬಿಡು. ಹಸಿರೇ ಆಗಬೇಕೆಂದಿಲ್ಲ.

ನಿನ್ನಲ್ಲಿ ಬೇರೆ ಆಸೆ ಇದೆ ಎಂದು ನಾನು ಹೇಳಿರಲಿಲ್ಲ. ನೀನಾಗಿಯೇ ಬರೆದದ್ದು.

ಅಹಲ್ಯಾ


ಟೂವಾಂಗ್, ಬ್ರಿಸ್ಬೇನ್
16 ನವೆಂಬರ್ 1980

ಜಯಕ್ಕ,

ಹದಿನೈದು ತಿಂಗಳಾಯಿತು. ನಿನ್ನಿಂದ ಈ ವರ್ಷ ನಾಲ್ಕು ಕಾಗದ ಬಂದಿವೆ. ಮೊದಲು ನೀನು ಎರಡು ಹಾಳೆ ತುಂಬುತ್ತಿದ್ದೆ, ಈಗ ಒಂದೂ ತುಂಬುವುದಿಲ್ಲ. ಹೋದ ಸಲದ್ದರಲ್ಲಿ "ನಮ್ಮ ಹುಡುಗಿಗೆ ಹಲ್ಲು ಬಿದ್ದಿದೆ" ಎಂದು ಬರೆದಿದ್ದೀಯ. ಇವರು ಓದಿ, "ಯಾವ ಹುಡುಗಿಗೆ?" ಎಂದು ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ಒಂದು ಕ್ಷಣ ನಿಜವಾಗಿ ಅವರಿಗೆ ಹೊಳೆಯಲಿಲ್ಲ.

ಇಲ್ಲಿ ನಮ್ಮವರು ಸೇರಿದಾಗ ಹೆಂಗಸರು, "ಮಗಳು ಹೇಗಿದ್ದಾಳ್ರೀ, ಯಾವಾಗ ಕರ್ಕೊಂಡ್ ಬರ್ತೀರಿ" ಎಂದು ಕೇಳುತ್ತಾರೆ. ಚೆನ್ನಾಗಿ ಓದುತ್ತಿದ್ದಾಳೆ ಎನ್ನುತ್ತೇನೆ. ಇಂದಿರಾ ಎಂಬವಳೊಬ್ಬಳು ಬೆನ್ನ ಹಿಂದೆ, ಕಿವುಡು ಮಗು ಎಂದು ಅಕ್ಕನ ತಲೆಗೆ ಕಟ್ಟಿದ್ದಾರೆ ಎಂದಳಂತೆ. ಎದುರಿಗೇ ಹೇಳಿದ್ದರೆ ಅವಳ ಜುಟ್ಟು ಹಿಡಿಯುತ್ತಿದ್ದೆ. ಹೋಗಲಿ ಬಿಡು, ಇಲಾಖೆಗೆ ನಾವು ಬರೆದುಕೊಟ್ಟಿರುವುದೂ ಅದನ್ನೇ ಅಲ್ಲವೆ.

ನನಗೆ ಅವಳನ್ನು ನೋಡಬೇಕು. ಬೀದಿಯ ಆ ಕಡೆ ನಿಂತು ನೋಡಿಕೊಂಡು ಹೋಗು ಎಂದರೂ ಸರಿ. ಸ್ಕೂಲು ಬಿಡುವ ಹೊತ್ತಿಗೆ ಬಸ್ ಸ್ಟಾಪಿನಲ್ಲಿ ನಿಲ್ಲುತ್ತೇನೆ, ಹತ್ತಿರ ಬರುವುದಿಲ್ಲ. ನನ್ನ ಮುಖ ಅವಳಿಗೆ ಮರೆಯುವ ಮುಂಚೆ ಏನಾದರೂ ಮಾಡು. ದನಿಯ ನೆನಪು ಇಟ್ಟುಕೊಳ್ಳಲು ಅವಳಿಗೆ ಆಗುವುದಿಲ್ಲ. ಮುಖ ಒಂದೇ ನನ್ನದು ಎಂದು ಅವಳ ಬಳಿ ಇರುವುದು.

ಅಹಲ್ಯಾ


ಪರ್ತ್
29 ಮಾರ್ಚ್ 1981

ಚಿ. ಸೌ. ಅಹಲ್ಯಾಳಿಗೆ,

ತಡವಾಗಿ ಉತ್ತರ ಬರೆಯುತ್ತಿದ್ದೇನೆ. ಮಿಸ್ಟರ್ ಕೆಂಪ್ ಬಂದು ಹೋಗಲಿ ಎಂದು ಕಾದೆ. ಬಂದರು, ನೋಡಿದರು, ಇನ್ನೊಂದು ವರ್ಷಕ್ಕೆ ಸಹಿ ಹಾಕಿದರು.

ನೀನು ಪರ್ತಿಗೆ ಬರುವುದು ಬೇಡ. ನಮ್ಮಿಬ್ಬರ ಮೂಗೂ ಒಂದೇ ಅಚ್ಚಿನದು, ಸ್ಕೂಲಿನ ತಾಯಂದಿರು ಯಾರಾದರೂ ಕಂಡರೆ ಮುಗಿಯಿತು. ಅಡಿಲೇಡಿನಲ್ಲಿ ಸುಲೋಚನಾ ಆಂಟಿ, ವೇಣುಗೋಪಾಲ ಅಂಕಲ್ ಇದ್ದಾರಲ್ಲ. ಮೇ ರಜದಲ್ಲಿ ನಾನು ಅವಳನ್ನು ಕರೆದುಕೊಂಡು ಅಲ್ಲಿಗೆ ಬರುತ್ತೇನೆ. ಮೂರು ದಿನ. ನೀನೂ ಬಾ. ಯಾರಿಗೂ ಹೇಳಬೇಡ, ಅಲ್ಲಿಂದ ಫೋನೂ ಮಾಡಬೇಡ.

ಅವಳು ತಕ್ಷಣ ನಿನ್ನ ಹತ್ತಿರ ಬರದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಜಯಮಾಲಾ


ಟೂವಾಂಗ್, ಬ್ರಿಸ್ಬೇನ್
24 ಮೇ 1981

ಜಯಕ್ಕ,

ಅಡಿಲೇಡಿನಲ್ಲಿ ಇದನ್ನೆಲ್ಲ ನಿನಗೆ ಬಾಯಲ್ಲಿ ಹೇಳಲಾಗಲಿಲ್ಲ.

ಅವಳು ಆಂಟಿಯ ಮನೆ ಬಾಗಿಲಲ್ಲಿ ನಿನ್ನ ಸೆರಗು ಹಿಡಿದು ನಿಂತಿದ್ದಳು. ಎಷ್ಟು ಉದ್ದವಾಗಿಬಿಟ್ಟಿದ್ದಾಳೆ. ನಾನು ಮಿಸೆಸ್ ಡಾಸನ್ ಮಾಡಿದಂತೆಯೇ ನೆಲದ ಮೇಲೆ ಕೂತೆ. ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ತಾನಾಗಿ ಬಂದು ನನ್ನ ಮೂಗಿನ ಮೇಲೆ ಬೆರಳಿಟ್ಟಳು. ಹೇಳು ಎಂಬಂತೆ ಕಾದಳು. ನನಗೆ "ಮ್" ಎನ್ನಲೂ ಆಗಲಿಲ್ಲ. ನೀನು ಆಗ ಅಡುಗೆಮನೆಗೆ ಹೋದೆ. ಯಾಕೆ ಹೋದೆ ಎಂದು ನನಗೆ ಗೊತ್ತು.

ಮರುದಿನ ನೀನೂ ಆಂಟಿಯೂ ಅಂಗಡಿಗೆ ಹೋಗಿದ್ದಾಗ ನಾನೊಂದು ಕೆಲಸ ಮಾಡಿದೆ. ಎದೆ ಮುಟ್ಟಿಕೊಂಡು "ಮಮ್ಮಿ" ಎಂದೆ. ಅವಳ ಬೆರಳನ್ನು ನನ್ನ ಮೂಗಿಗೆ ಹಿಡಿದು ಮತ್ತೆ ಅಂದೆ. ನೂರು ಸಲ ಅಂದಿರಬೇಕು. ಮಧ್ಯಾಹ್ನದ ಹೊತ್ತಿಗೆ ಅವಳ ಬಾಯಿಂದ ಬಂತು. ದನಿ ಒರಟಾಗಿತ್ತು, ಎರಡನೆಯ 'ಮ' ಬಹಳ ಉದ್ದವಾಗಿತ್ತು. ಆದರೂ ಅದು ಮಾತೇ. ನನ್ನನ್ನೇ ನೋಡಿ ಹೇಳಿದಳು. ಕನ್ನಡದಲ್ಲಿ ಹೇಳಿಕೊಡಲಿಲ್ಲ, ಮಿಸೆಸ್ ಡಾಸನ್ ಕಟ್ಟಳೆ ಮುರಿದಿಲ್ಲ. ಒಂಬತ್ತನೆಯ ವರ್ಷದಲ್ಲಿ ಅಂತೂ ತಾಯಿಯಾದೆ ಎಂದು ನಾನೊಬ್ಬಳೇ ಕೂತು ನಕ್ಕೆ.

ಗ್ಲೆನೆಲ್ಗ್ ಬೀಚಿನಲ್ಲಿ ಅಂಕಲ್ ತೆಗೆದ ಫೋಟೊ ತೊಳೆಸಿ ಎರಡು ಪ್ರತಿ ಕಳಿಸಿದ್ದಾರಂತೆ, ನಿನಗೊಂದು ನನಗೊಂದು. ಅದರಲ್ಲಿ ಅವಳೂ ನಾನೂ ಇಬ್ಬರೇ ಇದ್ದೇವೆ. ನೀನು ಬರಲ್ಲ ಎಂದು ಹಟ ಹಿಡಿದೆ.

ನಿನ್ನ ಋಣ ದೊಡ್ಡದು ಅಕ್ಕ. ಹೋದ ವರ್ಷ ಚುಚ್ಚಿ ಬರೆದದ್ದನ್ನೆಲ್ಲ ಮರೆತುಬಿಡು.

ನಿನ್ನ
ಅಹಲ್ಯಾ


ಪರ್ತ್
19 ಜೂನ್ 1981

ಚಿ. ಸೌ. ಅಹಲ್ಯಾಳಿಗೆ,

ಕೂತುಕೊಂಡು ಓದು.

ರಜ ಮುಗಿದ ಮೊದಲ ದಿನ ಮಕ್ಕಳು ಸುತ್ತ ಕೂತು ಒಬ್ಬೊಬ್ಬರೇ ಎದ್ದು ಸುದ್ದಿ ಹೇಳಬೇಕು. ಕಸ್ತೂರಿ ಇಲ್ಲಿಯತನಕ ಎದ್ದು ನಿಂತು, ಗೊಂಬೆಯೋ ಎಲೆಯೋ ತೋರಿಸಿ ಕೂತುಬಿಡುತ್ತಿದ್ದಳು. ಆ ದಿನ ಬೀರುವಿನಿಂದ ಫೋಟೊವನ್ನು ನನಗೆ ತಿಳಿಯದಂತೆ ಚೀಲಕ್ಕೆ ಹಾಕಿಕೊಂಡು ಹೋಗಿದ್ದಳು. ಎದ್ದು ನಿಂತು, ಫೋಟೊ ಎತ್ತಿ ಹಿಡಿದು, "ಮಮ್ಮಿ ಕೇಮ್" ಎಂದಳಂತೆ. ಎರಡು ಪದ. ಅವಳ ಬಾಳಿನ ಮೊದಲ ವಾಕ್ಯ. ಹೇಳಿಕೊಟ್ಟದ್ದಲ್ಲ, ತಾನಾಗಿ ಕಟ್ಟಿದ್ದು. ಮಿಸೆಸ್ ಡಾಸನ್ ಅತ್ತುಬಿಟ್ಟಳಂತೆ. ಅವಳು ಅದನ್ನು ತಾರೀಖು ಹಾಕಿ ವರದಿಯಲ್ಲಿ ಬರೆದಳು. ಕೆಟ್ಟದ್ದೇನನ್ನೂ ಯೋಚಿಸಿ ಬರೆದದ್ದಲ್ಲ. ಎರಡು ವರ್ಷ ನೆಲದ ಮೇಲೆ ಕೂತವಳು, ಸಂತೋಷಕ್ಕೆ ಬರೆದಳು. ವರದಿಯ ಒಂದು ಪ್ರತಿ ಇಲಾಖೆಗೆ ಹೋಗುತ್ತದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಮ್ಮ ಮಗು ಆಡಿದ್ದು ಒಂದೇ ಮಾತು.

ಮಿಸ್ಟರ್ ಕೆಂಪ್ ಸ್ಕೂಲಿಗೆ ಬಂದು ನನ್ನನ್ನು ಕರೆಸಿದರು. ಮೇಜಿನ ಮೇಲೆ ಫೋಟೊ ಇತ್ತು. "ಇವರು ಯಾರು?" ಎಂದು ಕೇಳಿದರು. ನಾನು, ಅವಳ ಆಂಟಿ, ಅಡಿಲೇಡಿನವರು ಎಂದೆ. ಈ ಮಗು ಪ್ರೀತಿಯಿಂದ ನೋಡಿಕೊಂಡವರನ್ನೆಲ್ಲ ಮಮ್ಮಿ ಅಂದುಬಿಡುತ್ತದೆ, ತಿಳುವಳಿಕೆ ಕಡಮೆ ಎಂದೆ. ತಿಳುವಳಿಕೆ ಕಡಮೆ ಎಂದು ನನ್ನ ಬಾಯಲ್ಲೇ ಬಂತು ಅಹಲ್ಯಾ. ದನಿ ಕೂಡ ನಡುಗಲಿಲ್ಲ. ಅದನ್ನು ಬರಹದಲ್ಲಿ ಕೊಡಿ ಎಂದರು. ಕೊಟ್ಟೆ. ಹೆಸರಿನ ಕೆಳಗೆ ಸಂಬಂಧ ಎಂಬ ಕಡೆ 'ಮಗುವಿನ ತಾಯಿಯ ಸ್ಥಾನದಲ್ಲಿರುವವಳು' ಎಂದು ಬರೆದೆ.

ಮಿಸೆಸ್ ಡಾಸನ್ ನನ್ನ ಮುಖ ನೋಡಲಿಲ್ಲ. ಅವಳಿಗೆ ಗೊತ್ತು.

ಜಯಮಾಲಾ


ಟೂವಾಂಗ್, ಬ್ರಿಸ್ಬೇನ್
28 ಜೂನ್ 1981

ಜಯಕ್ಕ,

ಕೂತುಕೊಂಡೇ ಓದಿದೆ.

ನೀನು ಮಾಡಿದ್ದು ಸರಿ. ನಾನಿದ್ದರೂ ಅದನ್ನೇ ಬರೆದುಕೊಡುತ್ತಿದ್ದೆ. ಇದನ್ನು ನನಗೆ ನಾನೇ ಒಂದು ವಾರದಿಂದ ಹೇಳಿಕೊಳ್ಳುತ್ತಿದ್ದೇನೆ. ಮಮ್ಮಿ ಅನ್ನುವುದನ್ನು ಅವಳ ಬಾಯಿಗೆ ತುರುಕಿದವಳು ನಾನು. ಮೂರು ದಿನ ಸುಮ್ಮನೆ ಮುಖ ನೋಡಿಕೊಂಡು ಬಂದಿದ್ದರೆ ಆಗುತ್ತಿತ್ತು. ಅತಿಯಾಸೆ ಮಾಡಿದೆ. ಇನ್ನು ಅಡಿಲೇಡೂ ಬೇಡ.

ಇವರಿಗೆ ಆ ವಾಕ್ಯದ ವಿಷಯ ಮಾತ್ರ ಹೇಳಿದೆ, ಉಳಿದದ್ದು ಹೇಳಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರಿಗೂ ಸಿಹಿ ಹಂಚಿ ಬಂದಿದ್ದಾರೆ.

ಒಂದು ಕೇಳಬೇಕು. ಅವಳು ಸರಿಯಾಗಿ ಹೇಳಿದಳು. ಅದು ತಪ್ಪು ಎಂದು ಅವಳಿಗೆ ಹೇಗೆ ಹೇಳುತ್ತಿದ್ದೀರಿ? ಯಾರು ಹೇಳುತ್ತಿದ್ದೀರಿ?

ಅಹಲ್ಯಾ


ಪರ್ತ್
8 ನವೆಂಬರ್ 1981

ಚಿ. ಸೌ. ಅಹಲ್ಯಾಳಿಗೆ,

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಇಷ್ಟು ದಿನ ಧೈರ್ಯ ಬರಲಿಲ್ಲ.

ಮಿಸೆಸ್ ಡಾಸನ್ ನಾನು ಮಾಡುವುದಿಲ್ಲ ಎಂದಳು. ಆದರೆ ಮಗು ಜನರನ್ನು ಗುರುತಿಸುವುದರಲ್ಲಿ ಹಿಂದಿದೆ, ತಿದ್ದಬೇಕು, ಮಾರ್ಚಿನಲ್ಲಿ ಪರೀಕ್ಷೆ ಮಾಡುತ್ತೇವೆ ಎಂದು ಇಲಾಖೆಯಿಂದ ಬರೆದು ಕಳಿಸಿದರು. ಸರಿಯಾಗದಿದ್ದರೆ ಮಾತಿನ ಕೋಣೆಯಲ್ಲಿ ಅವಳಿಗೆ ಪ್ರಯೋಜನವಿಲ್ಲ, ಬೇರೆ ಕೇಂದ್ರಕ್ಕೆ ಕಳಿಸಬೇಕಾಗುತ್ತದೆ ಎಂದು. ನನ್ನ ಸುಳ್ಳು ಅಲ್ಲಿಗೆ ಹೋಗಿ ನಿಂತಿತು.

ಆದ್ದರಿಂದ ನಾನೇ ಕಲಿಸುತ್ತಿದ್ದೇನೆ. ದಿನಾ ಸ್ಕೂಲಿಂದ ಬಂದ ಮೇಲೆ, ಕನ್ನಡಿಯ ಮುಂದೆ. ಎರಡು ಫೋಟೊ ಇಡುತ್ತೇನೆ, ನನ್ನದೊಂದು, ಬೀಚಿನದೊಂದು. ಮೊದಲ ತಿಂಗಳು ಬೀಚಿನ ಫೋಟೊ ತೋರಿಸಿದರೆ ಸಾಕು, "ಮಮ್ಮಿ" ಎಂದು ನನ್ನತ್ತ ನೋಡಿ ಶಹಭಾಸ್‌ಗೆ ಕಾಯುತ್ತಿದ್ದಳು. ನಾನು ತಲೆ ಅಲ್ಲಾಡಿಸುತ್ತಿದ್ದೆ. ಎರಡನೆಯ ತಿಂಗಳು ಸಿಟ್ಟು ಬಂದು ನನ್ನ ಫೋಟೊ ಎಸೆದಳು. ನಿನ್ನದನ್ನು ಎಸೆಯಲಿಲ್ಲ. ಬೀಚಿನ ಫೋಟೊಗೆ ಹೇಳಿಸಬೇಕಾದ ಮಾತಿನಲ್ಲಿ ಬರುವ 'ನ' ಮತ್ತು 'ಟ' ಎರಡೂ ನಾಲಿಗೆಯ ಅಕ್ಷರ, ಕನ್ನಡಿಯಲ್ಲಿ ಕಾಣುವುದಿಲ್ಲ. ಅವಳ ಬೆರಳನ್ನು ನನ್ನ ಗಂಟಲ ಮೇಲೆ ಇಟ್ಟು, ಕಾಗದದ ಚೂರು ಬಾಯಿಯ ಮುಂದೆ ಹಿಡಿದು ಹೇಳಿಸಿದೆ. ಕಾಗದ ಹಾರಿದರೆ 'ಟ' ಬಂತು ಎಂದು ಅರ್ಥ.

ನಿಮ್ಮ ಭಾವ ಈ ಹೊತ್ತಿಗೆ ಮನೆಗೆ ಬರುವುದನ್ನೇ ಬಿಟ್ಟಿದ್ದಾರೆ. ಕ್ಲಿನಿಕ್ಕಿನಲ್ಲಿ ಕೂತಿರುತ್ತಾರೆ.

ನನ್ನನ್ನು ಅವಳು ಮಮ್ಮಿ ಎಂದು ಮೊದಲ ಸಲ ಕರೆದ ದಿನ ನನಗೆ ಸಂತೋಷವಾಯಿತು. ಇದನ್ನು ನಿನಗೆ ಬರೆಯದೆ ಬಚ್ಚಿಟ್ಟುಕೊಳ್ಳಬಹುದಿತ್ತು. ಬರೆದಿದ್ದೇನೆ.

ಹೊಸ ವರ್ಷದ ದಿನ ಬೆಳಿಗ್ಗೆ ಫೋನ್ ಮಾಡು. ಮಾತಾಡಿಸುತ್ತೇನೆ.

ಜಯಮಾಲಾ


ಟೂವಾಂಗ್, ಬ್ರಿಸ್ಬೇನ್
2 ಜನವರಿ 1982

ಜಯಕ್ಕ,

ನಿನ್ನೆ ನೀನು ಫೋನನ್ನು ಅವಳ ಕೈಗೆ ಕೊಟ್ಟು ದೂರ ಹೋದೆ ಎಂದು ಕಾಣುತ್ತದೆ. ಅವಳ ಉಸಿರು ಕೇಳಿಸುತ್ತಿತ್ತು. ಆಮೇಲೆ, "ಹಲೋ ಆಂಟಿ" ಎಂದಳು.

ಎಷ್ಟು ಚೆನ್ನಾಗಿ ಹೇಳಿದಳು. ಅಡಿಲೇಡಿನಲ್ಲಿ ಮಮ್ಮಿ ಅಂದಾಗ ಎಳೆದ ಹಾಗೆ ಎಳೆಯಲಿಲ್ಲ. 'ನ' ಬೇರೆ, 'ಟ' ಬೇರೆ, ಎರಡೂ ಬಿಡಿಬಿಡಿಯಾಗಿ ಕೇಳಿಸಿದವು. ಫೋನಿನಲ್ಲಿ ಯಾರು ಕೇಳಿದರೂ ಕಿವಿ ಕೇಳಿಸದ ಮಗು ಎನ್ನುತ್ತಿರಲಿಲ್ಲ. ಇಷ್ಟು ಬಂದರೆ ಇನ್ನು ಎಲ್ಲವೂ ಬರುತ್ತದೆ. ಅವಳು ಕಲಿಯುತ್ತಾಳೆ ಅಕ್ಕ. ಕ್ಲಿಪ್ಪು ತುಂಬುವ ಹುಡುಗಿ ಅಲ್ಲ ಅವಳು.

ಈ ಕಡೆಯಿಂದ ನಾನು ಏನು ಹೇಳಿದರೂ ಫೋನಿನಲ್ಲಿ ಅವಳಿಗೆ ಕೇಳಿಸುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೇ ಹೇಳಬೇಕೆಂದು ಇದ್ದದ್ದನ್ನೆಲ್ಲ ಹೇಳಿದೆ, ಕನ್ನಡದಲ್ಲೇ. ಅವಳು ಪಾಪ, ನೀನು ಕಲಿಸಿದಂತೆ ಮಧ್ಯೆ ಮಧ್ಯೆ "ಯೆಸ್ ಆಂಟಿ, ಯೆಸ್ ಆಂಟಿ" ಎನ್ನುತ್ತಿದ್ದಳು.

ಫೋನ್ ಇಟ್ಟ ಮೇಲೆ ಇವರು, "ಏನಂದ್ಳು?" ಎಂದು ಕೇಳಿದರು. ಸ್ಪಷ್ಟವಾಗಿ ಮಾತಾಡ್ತಾಳೆ ಅಂದೆ.

ಮಾರ್ಚಿನಲ್ಲಿ ಮಿಸ್ಟರ್ ಕೆಂಪ್ ಬಂದಾಗ ನೀನು ಹೆದರಬೇಡ. ಫೋಟೊವನ್ನು ನೀನೇ ತೆಗೆದು ಅವಳ ಮುಂದಿಡು. ಅವಳು ತಪ್ಪು ಹೇಳುವುದಿಲ್ಲ.

ನಿನ್ನ ತಂಗಿ
ಅಹಲ್ಯಾ